‘ಕಾಸಾಬ್ಲಾಂಕಾ’ ಡಿಸ್ಕ್: ಕೊಳೆ ಯಾವುದು, ಚಿತ್ರ ಯಾವುದು?

1942ರ ನವೆಂಬರ್ 26ರಂದು ನ್ಯೂಯಾರ್ಕಿನಲ್ಲಿ ಮೊದಲು ತೆರೆಕಂಡ ‘ಕಾಸಾಬ್ಲಾಂಕಾ’ದ ಪ್ರೇಮಕಥೆಯ ಬಗ್ಗೆ ಅದರ ಅಭಿಮಾನಿಗಳಲ್ಲಿ ಹೆಚ್ಚಿನ ತಕರಾರಿಲ್ಲ. ಈ ಕಪ್ಪು-ಬಿಳುಪು ಚಿತ್ರ ಮನೆಯ ಪರದೆಯ ಮೇಲೆ ಹೇಗೆ ಕಾಣಬೇಕು ಎಂಬ ಮಾತು ಬಂದಾಗ ಮಾತ್ರ ಅವರು ಎರಡು ಪಾಳಯವಾಗುತ್ತಾರೆ. ಒಂದೇ ಡಿಸ್ಕನ್ನು ನೋಡಿದ ಒಬ್ಬರಿಗೆ ಅದು ಅತ್ಯುತ್ತಮ ಪ್ರತಿ. ಇನ್ನೊಬ್ಬರಿಗೆ ಪರದೆಯ ತುಂಬ ಮರಳು ಹಾರಾಡಿದಂತೆ.

ಈ ಜಗಳ ಡಿಸ್ಕಿಗಿಂತ ಹಳೆಯದು. ದಶಕಗಳ ಕಾಲ ಟಿ.ವಿ.ಯಲ್ಲೂ ಆಮೇಲೆ ವಿಎಚ್‌ಎಸ್ ಕ್ಯಾಸೆಟ್ಟಿನಲ್ಲೂ ಮಸುಕಾಗಿ ಕಂಡ ಚಿತ್ರಕ್ಕೆ 1988ರಲ್ಲಿ ಕಂಪ್ಯೂಟರಿನಿಂದ ಬಣ್ಣ ತುಂಬಿ ಅಮೆರಿಕದ ಕೇಬಲ್ ಟಿ.ವಿ.ಯಲ್ಲಿ ತೋರಿಸಲಾಯಿತು. ಬಣ್ಣ ಬೇಡವಾದವರು ಟಿ.ವಿ.ಯಲ್ಲೇ ಅದನ್ನು ತಗ್ಗಿಸಿಕೊಳ್ಳಲಿ ಎಂದು ಒಂದು ಕಡೆಯವರು ಹೇಳಿದರೆ, ಬೆಳಕು-ನೆರಳನ್ನೇ ನಂಬಿ ತೆಗೆದ ಚಿತ್ರಗಳಿಗೆ ಇದು ಅನ್ಯಾಯ ಎಂದು ಸಿನಿಮಾ ಮಂದಿ ಪ್ರತಿಭಟಿಸಿದರು. ಅದೇ ವರ್ಷ ಅಮೆರಿಕದಲ್ಲಿ ರಾಷ್ಟ್ರೀಯ ಚಲನಚಿತ್ರ ಸಂರಕ್ಷಣಾ ಕಾಯ್ದೆ ಬಂತು. 1989ರಲ್ಲಿ ಅದರಡಿ ಆರಿಸಿದ ಮೊದಲ 25 ಚಿತ್ರಗಳಲ್ಲಿ ‘ಕಾಸಾಬ್ಲಾಂಕಾ’ವೂ ಇತ್ತು.

2003ರ ಡಿವಿಡಿ, 2008ರ ಬ್ಲೂ-ರೇ ಎರಡೂ ಗೀರು, ಧೂಳು ಕಳೆದುಕೊಂಡು ನುಣುಪಾಗಿ ಬಂದಿದ್ದವು. ಒಡಕು ದೊಡ್ಡದಾದದ್ದು 2012ರಲ್ಲಿ. ಹೊಸ 4ಕೆ ಸ್ಕ್ಯಾನಿನಿಂದ, ಅಂದರೆ ಫಿಲ್ಮನ್ನು ಬಹಳ ಸೂಕ್ಷ್ಮವಾಗಿ ಡಿಜಿಟಲ್‌ಗೆ ಇಳಿಸಿ, ತಯಾರಾದ ಆ ವರ್ಷದ ಬ್ಲೂ-ರೇಯಲ್ಲಿ ಚಿತ್ರ ಮೊದಲಿಗಿಂತ ಗಾಢವಾಗಿತ್ತು, ‘ಗ್ರೇನ್’ ಎನ್ನುವ ಸಣ್ಣ ಕಣಗಳು ಎದ್ದು ಕಾಣುತ್ತಿದ್ದವು. ಹಳೆಯ ಡಿಸ್ಕಿಗೆ ಕಣ್ಣು ಒಗ್ಗಿದವರಿಗೆ ಇದು ದೋಷವೆನಿಸಿದ್ದು ಸಹಜ. 2022ರಲ್ಲಿ 4ಕೆ ಡಿಸ್ಕ್ ಬಂದ ಮೇಲೂ ಆ ಮಾತು ನಿಂತಿಲ್ಲ.

ಆದರೆ ಗ್ರೇನ್ ಎಂದರೆ ಕೊಳೆಯಲ್ಲ. ಫಿಲ್ಮಿನಲ್ಲಿರುವ ಬೆಳ್ಳಿಯ ಲವಣದ ಹರಳುಗಳು ಬೆಳಕು ತಾಗಿ, ಸಂಸ್ಕರಣೆಯಲ್ಲಿ ಬೆಳ್ಳಿಯ ಕಣಗಳಾದಾಗಲೇ ಚಿತ್ರ ಮೂಡುತ್ತದೆ. ಗೀರು, ಧೂಳು ಚಿತ್ರದ ಮೇಲೆ ಕೂತವು. ಗ್ರೇನ್ ಚಿತ್ರದ ಮೈಯೇ.

ಚಿತ್ರದ ನಾಯಕ ರಿಕ್ ಕತ್ತಲಲ್ಲಿ ಗ್ಲಾಸು ಹಿಡಿದು ಕೂತಿರುವ ದೃಶ್ಯವನ್ನು ಗಮನಿಸಿ. ಕ್ಯಾಮೆರಾ ಅವನ ಮುಖದತ್ತ ಸರಿಯುತ್ತದೆ, ಮುಖ ಕರಗಿ ಪ್ಯಾರಿಸ್ ಮೂಡುತ್ತದೆ. ಆ ಕಾಲದಲ್ಲಿ ಎರಡು ದೃಶ್ಯಗಳನ್ನು ಹೀಗೆ ಬೆರೆಸಲು ಅವನ್ನು ಇನ್ನೊಂದು ಫಿಲ್ಮಿಗೆ ಮತ್ತೆ ಚಿತ್ರಿಸಿಕೊಳ್ಳಬೇಕಿತ್ತು. ಅಂಥ ಕಡೆ ಗ್ರೇನಿನ ಮೇಲೆ ಗ್ರೇನ್ ಸೇರುತ್ತದೆ. ಮುಂದೆ ರಿಕ್ ಮತ್ತು ಅವನ ಪ್ರೇಯಸಿ ಇಲ್ಸಾ ಕಾರಿನಲ್ಲಿ ಹೋಗುವಾಗ ಹಿಂದೆ ಓಡುವ ರಸ್ತೆಯೂ ಸ್ಟುಡಿಯೋದ ಪರದೆಯ ಮೇಲೆ ಬಿಟ್ಟ ಚಿತ್ರವೇ, ಅದಕ್ಕೂ ಇದೇ ಮಾತು. ಇನ್ನು ಇಲ್ಸಾ ಪಾತ್ರದ ಇಂಗ್ರಿಡ್ ಬರ್ಗ್‌ಮನ್ ಮುಖ ಸಮೀಪದಿಂದ ಕಾಣುವ ದೃಶ್ಯಗಳು ಮಸುಕು ಎಂಬ ದೂರಿದೆಯಲ್ಲ, ಆ ಮಸುಕನ್ನು ಛಾಯಾಗ್ರಾಹಕ ಆರ್ಥರ್ ಎಡೆಸನ್ 1942ರಲ್ಲೇ, ಲೆನ್ಸಿನ ಮುಂದೆ ತೆಳು ಜಾಲರಿ ಹಿಡಿದು, ಬೇಕೆಂದೇ ತಂದದ್ದು. ಕಣ್ಣಲ್ಲಿ ಮಿನುಗುವ ಸಣ್ಣ ಬೆಳಕಿನ ಚುಕ್ಕಿಯನ್ನೂ ಹಾಗೆಯೇ ಹೊಂದಿಸಿದ್ದರು. ಇದನ್ನು ಯಂತ್ರದಿಂದ ಚೂಪು ಮಾಡಿದರೆ ಕೆನ್ನೆಯ ಅಂಚಿನಲ್ಲಿ ಬಿಳಿ ಗೆರೆ ನಿಲ್ಲುತ್ತದೆ, ಗ್ರೇನ್ ಅಳಿಸಿದರೆ ಮುಖ ಮೇಣದ ಗೊಂಬೆಯಾಗುತ್ತದೆ.

ಗ್ರೇನ್ ಬೇಡ ಎನ್ನುವವರ ಅಸಮಾಧಾನಕ್ಕೂ ಕಾರಣವಿದೆ. ದೊಡ್ಡ ಟಿ.ವಿ.ಯನ್ನು ಹತ್ತಿರದಿಂದ ನೋಡುವಾಗ, ಅದರಲ್ಲೂ ‘ಶಾರ್ಪ್‌ನೆಸ್’ ಹೆಚ್ಚಿಟ್ಟಿದ್ದರೆ, ಕಣಗಳು ಚುಚ್ಚುವಂತೆ ಕಾಣುತ್ತವೆ. ಅದನ್ನು ತಗ್ಗಿಸಿ ಒಮ್ಮೆ ನೋಡಿದ ಮೇಲೆ ಡಿಸ್ಕಿನ ಬಗ್ಗೆ ತೀರ್ಮಾನಕ್ಕೆ ಬರುವುದು ಒಳ್ಳೆಯದು.

ಸ್ಟ್ರೀಮಿಂಗ್ ಬಂದ ಮೇಲೆ ವಿಷಯ ಇನ್ನೊಂದು ತಿರುವು ಪಡೆದಿದೆ. ಸದಾ ಕದಲುವ ಗ್ರೇನನ್ನು ಕಡಿಮೆ ಡೇಟಾದಲ್ಲಿ ಕಳಿಸುವುದು ಕಷ್ಟ. ಅದಕ್ಕಾಗಿ ವಿಡಿಯೋವನ್ನು ಕುಗ್ಗಿಸುವ ಎವಿ1 ಎಂಬ ವಿಧಾನದಲ್ಲಿ ಗ್ರೇನನ್ನು ಮೊದಲು ತೆಗೆದು, ಅದರ ಲಕ್ಷಣವನ್ನಷ್ಟೇ ಬರೆದಿಟ್ಟು, ನೋಡುಗರ ಸಾಧನದಲ್ಲಿ ಹೊಸದಾಗಿ ಹುಟ್ಟಿಸಲು ಅವಕಾಶವಿದೆ. ಹಾಗೆ ಮೂಡುವ ಕಣಗಳು ಕಣ್ಣಿಗೆ ಹಿತವಾಗಿರಬಹುದು, ಆದರೆ ಅವು ಎಡೆಸನ್ ಅವರ ಕ್ಯಾಮೆರಾದಲ್ಲಿದ್ದ ಫಿಲ್ಮಿನ ಮೇಲೆ ಎಂದೂ ಇರಲಿಲ್ಲ.