ಮಾತು ಕೊಟ್ಟವರು ಎಲ್ಲೋ, ನಳ ಬರಬೇಕಾದದ್ದು ಬೆಳಗಾವಿಯಲ್ಲಿ

'ನಿಮ್ಮ ಓಣ್ಯಾಗ ನಳ ಬಂತೇನ್ರಿ?' ಬೆಳಗಾವಿಯಲ್ಲಿ ಬೇಸಿಗೆ ಶುರುವಾದರೆ ಈ ಮಾತು ಸಾಮಾನ್ಯ. ಆದರೆ ಇದೇ ಊರಿನ ಕೆಲವು ವಾರ್ಡ್‌ಗಳಿಗೆ 2008ರಲ್ಲೇ ದಿನದ 24 ಗಂಟೆ ನೀರು ಬಂತು. ಒಂದೇ ಪಾಲಿಕೆ, ಎರಡು ಥರದ ನಳ. ಜಾಗತಿಕ ಸಭೆಗಳಲ್ಲಿ ಕೊಟ್ಟ ಮಾತು ಒಂದು ಊರಿಗೆ ಹೇಗೆ ಇಳಿಯುತ್ತದೆ ಅನ್ನುವುದು ಈ ಕಥೆಯಲ್ಲೇ ಗೊತ್ತಾಗುತ್ತದೆ.

1992ರ ಜೂನ್‌ನಲ್ಲಿ ಬ್ರೆಜಿಲ್‌ನ ರಿಯೋದಲ್ಲಿ ಪರಿಸರ ಮತ್ತು ಅಭಿವೃದ್ಧಿ ಕುರಿತ ವಿಶ್ವಸಂಸ್ಥೆಯ ಭೂ ಶೃಂಗಸಭೆ ನಡೆಯಿತು. ಅಲ್ಲಿ ಒಪ್ಪಿದ ಕಾರ್ಯಯೋಜನೆ 'ಅಜೆಂಡಾ 21'ರ 28ನೇ ಅಧ್ಯಾಯ ಪೂರ್ತಿ ಸ್ಥಳೀಯ ಸಂಸ್ಥೆಗಳದ್ದು. ಜನರ ಜೊತೆ ಮಾತಾಡಿ ನಿಮ್ಮ ಊರಿನ ಯೋಜನೆ ನೀವೇ ಮಾಡಿಕೊಳ್ಳಿ ಎಂದು ಅದು ಹೇಳಿತ್ತು. ಅದೇ ಡಿಸೆಂಬರ್‌ನಲ್ಲಿ ನಮ್ಮ ಸಂಸತ್ತು ನಗರಸಂಸ್ಥೆಗಳಿಗೆ ಸಂವಿಧಾನದಲ್ಲೇ ಜಾಗ ಕೊಡುವ 74ನೇ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. 12ನೇ ಅನುಸೂಚಿಯಲ್ಲಿ ನಗರಸಂಸ್ಥೆಗಳಿಗೆಂದು 18 ವಿಷಯ ಬರೆದರು. ಕುಡಿಯುವ ನೀರು, ಕಸ ಎರಡೂ ಅದರಲ್ಲಿವೆ. ಆದರೆ ಯಾವ ಅಧಿಕಾರ, ಎಷ್ಟು ಕೊಡಬೇಕು ಅನ್ನುವುದನ್ನು ರಾಜ್ಯಕ್ಕೇ ಬಿಟ್ಟರು. ಎಡವಟ್ಟಾಗಿದ್ದು ಅಲ್ಲೇ.

ಬೆಳಗಾವಿಗೆ ನೀರು ಬರುವುದು ರಾಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳಿಂದ. ನೀರಿನ ಕೊರತೆ ಇಲ್ಲವೆಂದಲ್ಲ, ಆದರೆ ದೊಡ್ಡ ತೊಂದರೆ ಪೈಪಿನದು. ಸರದಿ ಮೇಲೆ ನೀರು ಬಿಟ್ಟರೆ ಉಳಿದ ಹೊತ್ತು ಪೈಪು ಖಾಲಿ. ಖಾಲಿ ಪೈಪು ಒಡಕಿನಿಂದ ಪಕ್ಕದ ಗಟಾರದ ಕೊಳೆಯನ್ನೂ ಒಳಗೆ ಎಳೆದುಕೊಳ್ಳುತ್ತದೆ. ಜನ ಸಂಪು, ಮೋಟಾರು, ಡ್ರಮ್ಮು ಅಂತ ಸ್ವಂತ ದುಡ್ಡು ಹಾಕುತ್ತಾರೆ. ಹೊಸ ನೀರು ಬಂದ ಕೂಡಲೇ ಉಳಿದ ಹಳೇ ನೀರನ್ನು ಚೆಲ್ಲುವವರೂ ಇದ್ದಾರೆ. ಪೈಪಿನಲ್ಲಿ ಸದಾ ಒತ್ತಡ ಇದ್ದರೆ ಕೊಳೆ ಒಳಗೆ ಬರುವುದಿಲ್ಲ, ಕೂಡಿಡುವ ಗೋಜೂ ಇಲ್ಲ. ಆದರೆ ಅದಕ್ಕೆ ಪೈಪು ಪೂರ್ತಿ ಹೊಸದಾಗಬೇಕು, ಮನೆಮನೆಗೆ ಮೀಟರ್ ಕೂರಿಸಬೇಕು. 2004ರಲ್ಲಿ ಮಂಜೂರಾದ ವಿಶ್ವಬ್ಯಾಂಕ್ ಸಾಲದಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಆಯ್ದ ಭಾಗಗಳಲ್ಲಿ ಇದನ್ನೇ ಮಾಡಿ ತೋರಿಸಿದರು.

ಮಾಡಿದವರು ಯಾರು? ಯೋಜನೆ ನಡೆಸಿದ್ದು ರಾಜ್ಯದ ನಿಗಮ, ನೀರು ನಿರ್ವಹಿಸಿದ್ದು ಖಾಸಗಿ ಕಂಪನಿ. ಪಾಲಿಕೆಯ ಕೈಯಲ್ಲಿ ಉಳಿದದ್ದು ಕಮ್ಮಿ. ಪ್ರಯೋಗ ಗೆದ್ದಿತು. ಆದರೆ ಅದನ್ನು ಇಡೀ ಊರಿಗೆ ಹಬ್ಬಿಸಲು ಹಣ ಹೊಂದಿಸಿ, ಗುತ್ತಿಗೆ ಕೊಟ್ಟು, ರಸ್ತೆ ಅಗೆಯುವಷ್ಟರಲ್ಲಿ ಹತ್ತು ವರ್ಷ ದಾಟಿತು.

ಈ ನಡುವೆ 2015ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಒಪ್ಪಿಕೊಂಡಿತು. 6ನೆಯದು ಎಲ್ಲರಿಗೂ ನೀರು, 11ನೆಯದು ನಗರಗಳದ್ದು, ಗಡುವು 2030. ನಾಲ್ಕೇ ತಿಂಗಳಿಗೆ, 2016ರ ಜನವರಿಯಲ್ಲಿ, ಊರುಗಳ ಸೌಕರ್ಯ ಸುಧಾರಿಸುವ ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ಊರುಗಳ ಪಟ್ಟಿಯಲ್ಲಿ ಬೆಳಗಾವಿ ಬಂತು. ಖುಷಿಯ ಸುದ್ದಿಯೇ, ಅಲ್ವಾ? ಕೆಲಸ ಮಾತ್ರ ಮತ್ತೆ ಪಾಲಿಕೆಗಲ್ಲ, ಅದಕ್ಕೆಂದೇ ಕಟ್ಟಿದ ಬೇರೆ ಕಂಪನಿಗೆ ಹೋಯಿತು. ಪಾಲಿಕೆಗೆ ಅದರಲ್ಲಿ ಪಾಲಿದೆ ನಿಜ, ಆದರೆ ವಾರ್ಡಿನ ಸದಸ್ಯರನ್ನು ಹಿಡಿದು ಪ್ರಶ್ನೆ ಕೇಳುವ ಹಾಗೆ ಕಂಪನಿಯನ್ನು ಕೇಳಲಾಗುವುದಿಲ್ಲ.

ಆ ಸದಸ್ಯರಾದರೂ ಇದ್ದರೇ? ಹಿಂದಿನ ಪಾಲಿಕೆಯ ಅವಧಿ 2019ರಲ್ಲಿ ಮುಗಿಯಿತು. 58 ವಾರ್ಡ್‌ಗಳಿಗೆ ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್‌ನಲ್ಲಿ, ಮೇಯರ್ ಆಯ್ಕೆಯಾದದ್ದು 2023ರ ಫೆಬ್ರವರಿಯಲ್ಲಿ. ಸ್ಮಾರ್ಟ್ ಸಿಟಿ ಹಣ ಜೋರಾಗಿ ಖರ್ಚಾಗುತ್ತಿದ್ದ ವರ್ಷಗಳೇ ಇವು. ಗುರಿಗಳನ್ನು 'ಸ್ಥಳೀಯಗೊಳಿಸುವ' ಬಗ್ಗೆ ಎಷ್ಟು ಕಾರ್ಯಾಗಾರ ಮಾಡಿದರೂ, ಸ್ಥಳೀಯ ಸರ್ಕಾರವೇ ಇಲ್ಲದ ಊರಿನಲ್ಲಿ ಅದೆಲ್ಲ ಸುಮ್ನೆ ಕಾಗದದ ಕೆಲಸ. ಹಳ್ಳಿ ಕಡೆಯೂ ಕಥೆ ಬೇರೆಯಲ್ಲ: ರಾಜ್ಯದ ಜಿಲ್ಲಾ ಪಂಚಾಯತಿಗಳ ಅವಧಿ 2021ರಲ್ಲೇ ಮುಗಿದು, ಚುನಾವಣೆ ಮುಂದೆ ಮುಂದೆ ಹೋಗುತ್ತಲೇ ಬಂತು.

ಸ್ಮಾರ್ಟ್ ಸಿಟಿ ಮಿಷನ್ 2025ರ ಮಾರ್ಚ್‌ಗೆ ಮುಗಿಯಿತು. ಕಟ್ಟುವವರು ಬೇರೆಯಾದರೂ ಕೊನೆಗೆ ರಸ್ತೆ, ದೀಪ, ಪಾರ್ಕು ನೋಡಿಕೊಳ್ಳಬೇಕಾದದ್ದು ಪಾಲಿಕೆಯೇ. ಆ ಖರ್ಚಿಗೆ ಅದರ ಕೈಲಿರುವ ಸ್ವಂತ ಆದಾಯ ಮುಖ್ಯವಾಗಿ ಆಸ್ತಿ ತೆರಿಗೆ. ಹಾಗಾಗಿ ಮುಂದಿನ ಬಜೆಟ್ ಸಭೆಯಲ್ಲಿ ಹೊಸ ಯೋಜನೆಗಳ ಪಟ್ಟಿಗಿಂತ ಮೊದಲು ನೋಡಬೇಕಾದದ್ದು ನಿರ್ವಹಣೆಗೆ ಎಷ್ಟು ತೆಗೆದಿಟ್ಟಿದ್ದಾರೆ ಅನ್ನುವ ಲೆಕ್ಕವನ್ನು.