ಬೇಸಿಗೆ ರಜೆ, ಬಿಡುವು ಮಾತ್ರ ಭಾನುವಾರ: ಮೈಸೂರಿನ ಸುತ್ತ ಎಲ್ಲಿಗೆ, ಎಷ್ಟು ಹೊತ್ತಿಗೆ?

ಪ್ರಶ್ನೆ: ನಾವಿರುವುದು ಮೈಸೂರಿನಲ್ಲಿ. ಮಕ್ಕಳಿಗೆ ಏಪ್ರಿಲ್–ಮೇ ರಜೆ, ನಮಗೆ ಬಿಡುವು ಭಾನುವಾರ ಮಾತ್ರ. ಊಟಿ, ಮಡಿಕೇರಿ ಅಂದರೆ ಅರ್ಧ ದಿನ ರಸ್ತೆಯಲ್ಲೇ ಹೋಗುತ್ತದೆ. ಬಿಸಿಲಲ್ಲಿ ಬೇಯದೆ, ಬೆಳಿಗ್ಗೆ ಹೊರಟು ಸಂಜೆಯೊಳಗೆ ಮನೆ ಸೇರುವಂಥ ಹತ್ತಿರದ ಜಾಗಗಳನ್ನು ಹುಡುಕುವುದು ಹೇಗೆ? ಜತೆಗೆ ಎಪ್ಪತ್ತು ದಾಟಿದ ಅತ್ತೆಯವರೂ ಇರುತ್ತಾರೆ.

ಉತ್ತರ: ಮೊದಲು ದಿನವನ್ನು ಹಂಚಿಕೊಳ್ಳಿ, ಜಾಗ ಆಮೇಲೆ. ನಮ್ಮ ಸೀಮೆಯ ಬೇಸಿಗೆಯಲ್ಲಿ ಬಯಲಲ್ಲಿ ಓಡಾಡಲು ಆಗುವುದು ಬೆಳಿಗ್ಗೆ 6ರಿಂದ 10ರವರೆಗೆ, ಮತ್ತೆ ಸಂಜೆ 5 ಕಳೆದ ಮೇಲೆ. ನಡುವಿನ ಹೊತ್ತನ್ನು ಕಲ್ಲಿನ ಮಂಟಪದಲ್ಲೋ ಮರದಡಿಯಲ್ಲೋ ಕಳೆಯಬೇಕು, ಇಲ್ಲವೇ ಮನೆಗೆ ಹಿಂತಿರುಗಿರಬೇಕು. ಒಂದೇ ಜಾಗ ಬೆಳಿಗ್ಗೆ ಏಳಕ್ಕೆ ಸ್ವರ್ಗ, ಮಧ್ಯಾಹ್ನ ಒಂದಕ್ಕೆ ಶಿಕ್ಷೆ. ಹೆಚ್ಚಿನ ಪ್ರವಾಸಗಳು ಕೆಡುವುದು ಜಾಗ ಕೆಟ್ಟದ್ದೆಂದಲ್ಲ, ಹೊತ್ತು ತಪ್ಪಿದ್ದರಿಂದ.

ಇದಕ್ಕೆ ತಲಕಾಡು–ಸೋಮನಾಥಪುರಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಸೋಮನಾಥಪುರ ಮೈಸೂರಿನಿಂದ ಸುಮಾರು 35 ಕಿ.ಮೀ., ತಲಕಾಡು ಅದಕ್ಕಿಂತ ತುಸು ದೂರ. ಹತ್ತಿರದ್ದು ಮೊದಲು ಎಂದು ಬಹಳ ಜನ ಒಂಬತ್ತಕ್ಕೆ ಸೋಮನಾಥಪುರ ನೋಡಿ, ಒಂದು ಗಂಟೆಗೆ ತಲಕಾಡಿಗೆ ಬರುತ್ತಾರೆ. ಆ ಹೊತ್ತಿಗೆ ಅಲ್ಲಿನ ಮರಳು ಕಾದ ಬಾಣಲೆ. ಐದು ವರ್ಷದ ಮಗುವನ್ನು ಎತ್ತಿಕೊಂಡೇ ನಡೆಯಬೇಕು. ಜತೆಗೆ ಪೂಜೆ ನಡೆಯುವ ಗುಡಿಗಳಿಗೆ ಮಧ್ಯಾಹ್ನ ಬಾಗಿಲು ಹಾಕುವುದುಂಟು.

ಕ್ರಮವನ್ನು ತಿರುಗಿಸಿ. ಐದೂವರೆಗೆ ಮನೆ ಬಿಟ್ಟರೆ ಏಳರ ಒಳಗೆ ತಲಕಾಡು. ಮರಳು ರಾತ್ರಿಯೆಲ್ಲ ಆರಿ ತಣ್ಣಗಿರುತ್ತದೆ, ಬರಿಗಾಲಲ್ಲಿ ನಡೆಯುವುದೇ ಸುಖ. ವೈದ್ಯನಾಥೇಶ್ವರ, ಪಾತಾಳೇಶ್ವರ, ಮರುಳೇಶ್ವರ ನೋಡಿ, ಚೋಳರಿಂದ ತಲಕಾಡನ್ನು ಗೆದ್ದ ಮೇಲೆ ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣ ಗುಡಿಗೆ ಬನ್ನಿ. ದಿಬ್ಬಗಳ ನಡುವೆ ಗುಡಿಗಳು ಹಳ್ಳಕ್ಕಿಳಿದಂತೆ ನಿಂತಿರುವುದನ್ನು ಮಕ್ಕಳಿಗೆ ತೋರಿಸಿ. ಮರಳು ಎಷ್ಟು ಮೇಲಕ್ಕೆ ಬಂದಿದೆ ಎಂದು ಅವರೇ ಅಳೆಯಲಿ. ನಿಮ್ಮ ಅತ್ತೆಯವರಿಗೆ ಮಾತ್ರ ಮರಳಲ್ಲಿ ಏರಿಳಿಯುವುದು ಮಂಡಿಗೆ ಕಷ್ಟ. ಅವರಿಗೆ ವೈದ್ಯನಾಥೇಶ್ವರವೊಂದೇ ಸಾಕು. ಅದು ರಸ್ತೆಗೆ ಹತ್ತಿರ.

ಒಂಬತ್ತೂವರೆಗೆ ಅಲ್ಲಿಂದ ಹೊರಟು, ತಿ. ನರಸೀಪುರದಲ್ಲಿ ತಿಂಡಿ ಮುಗಿಸಿ, ಹನ್ನೊಂದಕ್ಕೆ ಸೋಮನಾಥಪುರ. ಕೇಶವ ದೇವಾಲಯದಲ್ಲಿ ಪೂಜೆ ಇಲ್ಲ, ಪುರಾತತ್ವ ಇಲಾಖೆಯ ಸ್ಮಾರಕ. ಹಾಗಾಗಿ ಮಧ್ಯಾಹ್ನವೂ ತೆರೆದೇ ಇರುತ್ತದೆ. ಸುತ್ತಲೂ ಕಂಬಗಳ ಕೈಸಾಲೆ ಇದೆ, ಅದರ ನೆರಳಲ್ಲಿ ಎರಡು ಗಂಟೆ ಕೂತರೂ ದಣಿವಾಗದು. ಹೊಯ್ಸಳ ದಂಡನಾಯಕ ಸೋಮನಾಥ 1258ರಲ್ಲಿ ಕಟ್ಟಿಸಿದ ಈ ಗುಡಿ 2023ರಲ್ಲಿ ಬೇಲೂರು, ಹಳೇಬೀಡುಗಳ ಜತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮಕ್ಕಳಿಗೆ ಒಂದು ಕೆಲಸ ಕೊಡಿ: ಹೊರಗೋಡೆಯ ವಿಗ್ರಹಗಳ ಬುಡದಲ್ಲಿ ಶಿಲ್ಪಿ ಮಲ್ಲಿತಮ್ಮ ತನ್ನ ಹೆಸರು ಕೆತ್ತಿದ್ದಾನೆ, ಅದು ಎಲ್ಲೆಲ್ಲಿದೆ ಎಂದು ಹುಡುಕಲಿ. ಅಕ್ಷರ ಹಳಗನ್ನಡ ಕಾಲದ್ದು, ಓದಲು ಬಾರದಿದ್ದರೂ ಒಂದೇ ಆಕಾರ ಮತ್ತೆ ಮತ್ತೆ ಕಂಡರೆ ಗುರುತು ಹಿಡಿಯುತ್ತಾರೆ. ಒಳಗೆ ಛಾವಣಿ ನೋಡಲು ಟಾರ್ಚ್ ಇರಲಿ; ಹೊರಗಿನ ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲ ಐದು ನಿಮಿಷ ಏನೂ ಕಾಣುವುದಿಲ್ಲ, ಅಷ್ಟರಲ್ಲಿ ಜನ ಹೊರಟುಬಿಡುತ್ತಾರೆ. ಚಪ್ಪಲಿ ಬಿಟ್ಟು ನಡೆಯಬೇಕಾದ ಜಗತಿಯ, ಅಂದರೆ ಗುಡಿ ನಿಂತಿರುವ ಎತ್ತರದ ಕಟ್ಟೆಯ, ಕಲ್ಲು ಸುಡುತ್ತದೆ, ಎಲ್ಲರಿಗೂ ದಪ್ಪ ಹತ್ತಿಯ ಕಾಲುಚೀಲ ಇಟ್ಟುಕೊಳ್ಳಿ. ಎರಡಕ್ಕೆ ಹೊರಟರೆ ಬನ್ನೂರು ದಾರಿಯಲ್ಲಿ ಮೂರೂವರೆಯೊಳಗೆ ಮನೆ.

ಹಕ್ಕಿಗಳ ಭಾನುವಾರ

ಏಪ್ರಿಲ್ ತಿಂಗಳಲ್ಲಿ ರಂಗನತಿಟ್ಟು ಬಿಡಬೇಡಿ. ಬೇಸಿಗೆಯಲ್ಲಿ ಹಕ್ಕಿ ಇರುವುದಿಲ್ಲ ಎಂಬ ಮಾತು ತಪ್ಪು. ವಲಸೆ ಬಂದ ಬಾತುಗಳು ಹೋಗಿರುತ್ತವೆ ನಿಜ, ಆದರೆ ಇಲ್ಲೇ ಗೂಡು ಕಟ್ಟುವ ಬಣ್ಣದ ಕೊಕ್ಕರೆ, ಚಮಚಕೊಕ್ಕುಗಳ ಮರಿಗಳನ್ನು ನೋಡಲು ಇದೇ ಕಾಲ. ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಈ ಕಾವೇರಿ ದ್ವೀಪಗಳಿಗೆ 2022ರಲ್ಲಿ, ಮಹತ್ವದ ಜೌಗು ಪ್ರದೇಶಗಳಿಗೆ ಸಿಗುವ ಅಂತರರಾಷ್ಟ್ರೀಯ ರಾಮ್ಸಾರ್ ಮಾನ್ಯತೆಯೂ ಸಿಕ್ಕಿತು. ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ಮೊದಮೊದಲ ದೋಣಿಗಳಲ್ಲಿ ಕೂತವರಿಗೆ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಗಳು ಕಾಣುತ್ತವೆ. ಹನ್ನೊಂದರ ಮೇಲೆ ಅವು ನೀರಿಗಿಳಿಯುತ್ತವೆ, ದೋಣಿಯ ಸಾಲೂ ಬೆಳೆಯುತ್ತದೆ. ದೋಣಿಯಲ್ಲಿ ನಿಲ್ಲಬಾರದು, ಕೈ ನೀರಿಗೆ ಇಳಿಬಿಡಬಾರದು. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಬಿಟ್ಟರೆ ದೋಣಿವಿಹಾರ ನಿಲ್ಲುತ್ತದೆ, ಬೇಸಿಗೆಯಲ್ಲಿ ಆ ತೊಂದರೆ ಕಡಿಮೆ. ಬಿಸಿಲು ಏರಿದಂತೆ ಹತ್ತಿರದ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿ. 1784ರಲ್ಲಿ ಟಿಪ್ಪು ಬೇಸಿಗೆಗೆಂದೇ ಕಟ್ಟಿಸಿದ ಅರಮನೆ. ಮರದ ಕಂಬಗಳ ಅಗಲ ಮೊಗಸಾಲೆಯಲ್ಲಿ ನಿಂತರೆ ಆ ಕಾಲದವರು ಸೆಕೆಯನ್ನು ಹೇಗೆ ಎದುರಿಸಿದರು ಎಂಬುದು ತಿಳಿಯುತ್ತದೆ. 1780ರ ಪೊಳ್ಳಿಲೂರು ಯುದ್ಧದ ಗೋಡೆಚಿತ್ರದ ಮುಂದೆ ಮಕ್ಕಳು ಅರ್ಧ ಗಂಟೆ ನಿಲ್ಲುತ್ತಾರೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇನ್ನೊಂದು ಬಗೆ. ಅಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ, ಆಲ, ಅರಳಿ ಮರಗಳಲ್ಲೇ ಗೂಡು ಕಟ್ಟುತ್ತವೆ, ಮನೆಗಳ ಹಿತ್ತಿಲಲ್ಲೂ. ಮೇ ಕೊನೆಗೆ ಮರ ಬರಿದಾಗುತ್ತದೆ, ಆದ್ದರಿಂದ ಏಪ್ರಿಲ್ ಒಳಗೆ ಹೋಗುವುದು ಲೇಸು. ಅದು ಜನ ಬದುಕುವ ಊರು, ಉದ್ಯಾನವಲ್ಲ. ಹಿತ್ತಿಲಿಗೆ ಕಾಲಿಡುವ ಮೊದಲು ಮನೆಯವರನ್ನು ಕೇಳಿ. ಮರದಡಿ ಕೂಗಾಡಿದರೆ ಬೆದರಿದ ಮರಿ ಗೂಡಿನಿಂದ ಬೀಳುತ್ತದೆ. ತಲೆಗೆ ಟೋಪಿ ಇರಲಿ, ಬಿಸಿಲಿಗಷ್ಟೇ ಅಲ್ಲ, ಹಿಕ್ಕೆಗೂ.

ಬೇಸಿಗೆಯಲ್ಲಿ ಬೇಡವಾದವು

ಶಿವನಸಮುದ್ರಕ್ಕೆ ಈಗ ಹೋಗಬೇಡಿ. ಅಂತರ್ಜಾಲದಲ್ಲಿ ಕಾಣುವ ಗಗನಚುಕ್ಕಿ, ಭರಚುಕ್ಕಿಯ ಚಿತ್ರಗಳು ಜುಲೈ–ಸೆಪ್ಟೆಂಬರ್‌ನವು. ಬೇಸಿಗೆಯಲ್ಲಿ ಹೊಳೆಯೇ ಬತ್ತಿರುತ್ತದೆ, ಇದ್ದ ನೀರಿನಲ್ಲೂ ಹೆಚ್ಚಿನ ಪಾಲು 1902ರಿಂದ ನಡೆಯುತ್ತಿರುವ ವಿದ್ಯುತ್ ಕೇಂದ್ರದ ಕಾಲುವೆಗೆ ಹೋಗುತ್ತದೆ. ಬರಿ ಬಂಡೆ ನೋಡಿ ಬರಬೇಕಾಗುತ್ತದೆ.

ಹೊಳೆಗಿಳಿಯುವ ವಿಚಾರವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ಪ್ರತಿ ಬೇಸಿಗೆಯಲ್ಲೂ ಇಲ್ಲಿ ಜೀವ ಹೋಗುತ್ತದೆ. ಬಲಮುರಿ, ಎಡಮುರಿಯಲ್ಲಿ ಕಟ್ಟೆಯ ಮೇಲೆ ನೀರು ತೆಳ್ಳಗೆ ಹರಿಯುವುದು ನೋಡಿದರೆ ಮೊಣಕಾಲುದ್ದ ಅನ್ನಿಸುತ್ತದೆ. ಕಟ್ಟೆ ದಾಟಿ ಬೀಳುವ ನೀರು ಬುಡದಲ್ಲಿ ಗುಂಡಿ ತೋಡಿರುತ್ತದೆ. ಅಲ್ಲಿ ಮೇಲ್ಗಡೆಯ ನೀರು ಮುಂದಕ್ಕೆ ಹೋಗದೆ ಕಟ್ಟೆಯ ಕಡೆಗೇ ಮರಳಿ ಸುತ್ತುತ್ತದೆ, ಈಜು ಬಲ್ಲವರನ್ನೂ ಹೊರಗೆ ಬಿಡುವುದಿಲ್ಲ. ಪಾಚಿ ಹಿಡಿದ ಕಲ್ಲಿನ ಮೇಲೆ ಜಾರಿದವರು ಬೀಳುವುದು ನೇರ ಆ ಗುಂಡಿಗೇ. ತಲಕಾಡು, ಮುತ್ತತ್ತಿಯ ಹೊಳೆಯಲ್ಲಿ ಮರಳು ಕೊರೆದ ಹೊಂಡಗಳು: ಒಂದು ಹೆಜ್ಜೆಗೆ ಮೊಣಕಾಲು, ಮುಂದಿನ ಹೆಜ್ಜೆಗೆ ತಲೆ ಮುಳುಗುವಷ್ಟು. ಅಣೆಕಟ್ಟೆಯಿಂದ ನೀರು ಬಿಟ್ಟರೆ ಮಳೆಯಿಲ್ಲದೆಯೂ ಹೊಳೆ ಏರುತ್ತದೆ. ದಡದಲ್ಲಿ ಕೂತು ಕಾಲು ನೆನೆಸಿ, ಮಕ್ಕಳನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳಿ. ಎಚ್ಚರಿಕೆಯ ಫಲಕ ಇರುವ ಕಡೆ ಅದನ್ನೂ ಮಾಡಬೇಡಿ. ಮಕ್ಕಳಿಗೆ ನೀರೇ ಬೇಕು ಎಂದಾದರೆ ನಗರದ ಈಜುಕೊಳದ ಬೇಸಿಗೆ ತರಗತಿಗೆ ಸೇರಿಸಿ.

ಕಾಡಿನ ಚಾರಣವೂ ಈಗ ಅನುಮಾನವೇ. ಕಾಳ್ಗಿಚ್ಚಿನ ಕಾಲದಲ್ಲಿ ಅರಣ್ಯ ಇಲಾಖೆ ದಾರಿಗಳನ್ನು ಮುಚ್ಚುವುದುಂಟು, ಹೊರಡುವ ಮುನ್ನ ವಿಚಾರಿಸಿ. ಹಿಮವದ್ ಗೋಪಾಲಸ್ವಾಮಿ ಬೆಟ್ಟ ಮಾತ್ರ ಈ ದಿನಗಳಲ್ಲೂ ತಂಪು, ಎತ್ತರ 1,454 ಮೀಟರ್. ಸ್ವಂತ ವಾಹನ ಬೆಟ್ಟದ ಬುಡದವರೆಗಷ್ಟೇ. ಮೇಲಕ್ಕೆ ಕೆಎಸ್‌ಆರ್‌ಟಿಸಿ ಬಸ್ಸು. ರಜೆಯ ಭಾನುವಾರ ಆ ಬಸ್ಸಿನ ಸಾಲು ಬಿಸಿಲಲ್ಲೇ ನಿಲ್ಲಿಸುತ್ತದೆ, ಹಿರಿಯರಿದ್ದರೆ ಒಂಬತ್ತರ ಒಳಗೆ ತಲುಪಲೇಬೇಕು.

ಪ್ರತಿ ವಾರ ಹೊಸದನ್ನು ಹುಡುಕುವುದು

ಭೂಪಟದಲ್ಲಿ ಕಿಲೋಮೀಟರ್ ನೋಡಬೇಡಿ, ಒಂದೂವರೆ ಗಂಟೆಯ ಪ್ರಯಾಣ ನೋಡಿ. ಚಿಕ್ಕ ಮಕ್ಕಳು ಅದಕ್ಕಿಂತ ಹೆಚ್ಚು ಕೂರುವುದಿಲ್ಲ. ಒಂದು ದಿನಕ್ಕೆ ಒಂದು ಬಯಲು, ಒಂದು ನೆರಳು, ಮೂರನೆಯದು ಬೇಡ. ಜಾಗದ ಬಗ್ಗೆ ಜನ ಬರೆದ ಅಭಿಪ್ರಾಯಗಳನ್ನು ‘ಹೊಸದು ಮೊದಲು’ ಎಂದು ಜೋಡಿಸಿ, ಈ ತಿಂಗಳು ಹಾಕಿದ ಫೋಟೊಗಳನ್ನಷ್ಟೇ ನಂಬಿ. ಕೆರೆಯಲ್ಲಿ ನೀರಿದೆಯೇ, ದುರಸ್ತಿ ನಡೆದಿದೆಯೇ ಎಂಬುದು ಅದರಲ್ಲೇ ತಿಳಿಯುತ್ತದೆ. ಪತ್ರಿಕೆಯಲ್ಲಿ ದಿನವೂ ಬರುವ ಕೆಆರ್‌ಎಸ್ ನೀರಿನ ಮಟ್ಟ, ಹೊರಹರಿವಿನ ಅಂಕಿಗಳನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ಜಲಾಶಯದ ಪೂರ್ಣ ಮಟ್ಟ 124.80 ಅಡಿ. ಹೊರಹರಿವು ಇದ್ದಕ್ಕಿದ್ದಂತೆ ಏರಿದ ದಿನ ಹೊಳೆಯ ದಡದ ಯೋಜನೆ ಕೈಬಿಡಿ.

ಸುತ್ತಿನ ಊರುಗಳ ಜಾತ್ರೆ, ತೇರುಗಳಿಗೆ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರ್ ಇಂದಿಗೂ ಯಾವ ಆ್ಯಪ್‌ಗಿಂತ ಮೇಲು. ತೇರಿನ ದಿನ ಆ ಊರಿಗೆ ಹೋಗುವವರಿಗೆ ಸಂಭ್ರಮ. ಸುಮ್ಮನೆ ಗುಡಿ ನೋಡಲು ಹೋದವರಿಗೆ ಗಾಡಿ ನಿಲ್ಲಿಸಲೂ ಜಾಗವಿಲ್ಲ. ಎರಡೂ ಕಾರಣಕ್ಕೆ ದಿನ ತಿಳಿದಿರಬೇಕು. ಸ್ಥಳೀಯ ಪತ್ರಿಕೆಗಳ ‘ನಗರದಲ್ಲಿ ಇಂದು’ ಅಂಕಣದಲ್ಲಿ ನಾಟಕ, ಸಂಗೀತ, ಮಾವು ಮೇಳಗಳ ಸುದ್ದಿ ಇರುತ್ತದೆ. ರಂಗಾಯಣದ ಚಿಣ್ಣರ ಮೇಳದಂಥ ಶಿಬಿರಗಳ ಅರ್ಜಿ ರಜೆ ಶುರುವಾಗುವ ಮೊದಲೇ ಮುಗಿದುಹೋಗುತ್ತದೆ, ಮಾರ್ಚ್ ಕೊನೆಯಿಂದಲೇ ಕಣ್ಣಿಟ್ಟಿರಿ.

ದೂರ ಹೋಗಲಾಗದ ವಾರ ಊರೊಳಗೇ ಇದ್ದುಬಿಡಿ: ಬೆಳಿಗ್ಗೆ ಕಾರಂಜಿ ಕೆರೆ, ಬಿಸಿಲೇರಿದ ಮೇಲೆ ಅದರ ದಡದ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯ, ಭಾನುವಾರ ಸಂಜೆ 7ರ ಸುಮಾರಿಗೆ ಅರಮನೆಯ ದೀಪ. ಮೃಗಾಲಯಕ್ಕೆ ಸಾಮಾನ್ಯವಾಗಿ ಮಂಗಳವಾರ ರಜೆ. ರಜೆಯ ಭಾನುವಾರಕ್ಕಿಂತ ವಾರದ ನಡುವೆ ಅತ್ತೆಯವರೇ ಮಕ್ಕಳನ್ನು ಕರೆದೊಯ್ದರೆ ಚೆನ್ನ, ಬೆಳಿಗ್ಗೆ ಎಂಟೂವರೆಗೆ.

ಬುತ್ತಿ, ನೀರು, ಬಸ್ಸು

ತಲೆಗೆ ಎರಡು ಲೀಟರ್ ನೀರು, ಮಕ್ಕಳಿಗೆ ಒಂದು. ಅದರ ಜತೆ ಉಪ್ಪು ಹಾಕಿದ ನೀರು ಮಜ್ಜಿಗೆ, ಹತ್ತರೊಳಗೆ ಕುಡಿದು ಮುಗಿಸುವಷ್ಟು ಮಾತ್ರ. ಬುತ್ತಿಗೆ ಪುಳಿಯೋಗರೆ ನಿಶ್ಚಿಂತೆ. ಕಾಯಿ ಚಟ್ನಿ, ಕೋಸಂಬರಿ ಮಧ್ಯಾಹ್ನದ ಹೊತ್ತಿಗೆ ಹಳಸುತ್ತವೆ. ಮೊಸರನ್ನ ಬೇಕಾದರೆ ಬೆಳಿಗ್ಗೆ ಅನ್ನ ಪೂರ್ತಿ ಆರಿದ ಮೇಲೆ ಒಂದು ಲೋಟ ಅನ್ನಕ್ಕೆ ಒಂದೂವರೆ ಲೋಟ ಕಾಯಿಸಿ ಆರಿಸಿದ ಹಾಲು ಬೆರೆಸಿ, ಎರಡೇ ಚಮಚ ಮೊಸರು ಹಾಕಿ. ಊಟದ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ, ಹುಳಿಯಾಗುವುದಿಲ್ಲ. ಬಿಸಿ ಅನ್ನಕ್ಕೇ ಕಲಸಿ ಡಬ್ಬಿ ಮುಚ್ಚಿದರೆ ಹನ್ನೆರಡಕ್ಕೇ ಹುಳಿ ನಾತ. ನಿಲ್ಲಿಸಿದ ಕಾರಿನೊಳಗೆ ಬುತ್ತಿಯನ್ನಾಗಲಿ ಮಕ್ಕಳನ್ನಾಗಲಿ ಹಿರಿಯರನ್ನಾಗಲಿ ಹತ್ತು ನಿಮಿಷವೂ ಬಿಡಬಾರದು.

ಬಸ್ಸಿನಲ್ಲಿ ಹೋಗುವುದಾದರೆ ಶಕ್ತಿ ಯೋಜನೆಯಡಿ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್‌ಗೆ ಹಣವಿಲ್ಲ, ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಬೇಕು. ಭಾನುವಾರ ಎಂಟರ ಮೇಲೆ ಸೀಟು ಸಿಗುವುದು ಕಷ್ಟ. ಮೊದಲ ಬಸ್ಸುಗಳಲ್ಲೇ ಹೊರಡಿ. ಹಿಂತಿರುಗುವ ಬಸ್ಸಿನ ಸಮಯವನ್ನು ಇಳಿದ ತಕ್ಷಣ ಕಂಡಕ್ಟರ್ ಹತ್ತಿರವೇ ಕೇಳಿಕೊಳ್ಳಿ.

ಏಪ್ರಿಲ್ ಕೊನೆಗೆ ಭರಣಿ ಮಳೆ ಹಿಡಿಯುತ್ತದೆ, ಮೇ ನಡುವೆ ಕೃತ್ತಿಕೆ. ಈ ಮಳೆಗಳು ಬರುವುದು ಸಾಮಾನ್ಯವಾಗಿ ಮಧ್ಯಾಹ್ನ ಮೂರರ ಮೇಲೆ, ಗಾಳಿ ಗುಡುಗಿನ ಜತೆ. ಬೆಳಗಿನಿಂದ ಎಲೆ ಅಲುಗದ ಉಬ್ಬೆ, ಮಧ್ಯಾಹ್ನ ಕೋಸಿನ ಗೆಡ್ಡೆಯಂತೆ ಮೇಲೇಳುವ ಬಿಳಿ ಮೋಡ ಕಂಡರೆ ಎರಡು ಗಂಟೆಗೇ ಹೊರಟುಬಿಡಿ. ಗುಡುಗು ಕೇಳಿಸಿತೆಂದರೆ ಬೆಟ್ಟದ ತುದಿ, ಕೆರೆ ಏರಿ, ಒಂಟಿ ಮರ ಬಿಟ್ಟು ಪಕ್ಕಾ ಕಟ್ಟಡದೊಳಗೋ ಗಾಜು ಏರಿಸಿದ ಕಾರಿನೊಳಗೋ ಸೇರಿ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಅಲ್ಲೇ ಇರಿ. ಮಳೆಯ ಮರುದಿನದ ಬೆಳಿಗ್ಗೆಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಇಟ್ಟುಕೊಳ್ಳಿ. ದೂಳು ಅಡಗಿ ಊರು ಸ್ಪಷ್ಟವಾಗಿ ಕಾಣುತ್ತದೆ, ಕಲ್ಲು ಇನ್ನೂ ತಂಪಾಗಿರುತ್ತದೆ. ಮೆಟ್ಟಿಲು ಸಾವಿರದ ಎಂಟು. ಆರರ ಒಳಗೆ ಹತ್ತಲು ಶುರುಮಾಡಿದರೆ ಮಕ್ಕಳು ನಿಂತು ನಿಂತು ಹೋದರೂ ಬಿಸಿಲಿಗೆ ಮೊದಲೇ ನಂದಿಯ ಹತ್ತಿರ ಇರುತ್ತಾರೆ. ಅತ್ತೆಯವರನ್ನು ರಸ್ತೆಯ ದಾರಿಯಲ್ಲಿ ಗಾಡಿಯಲ್ಲೇ ಅಲ್ಲಿಗೆ ಕರೆತರಬಹುದು.