ಮೂರು ಲಕ್ಷದ ಬೈಕು: ಬ್ರೋಷರಿನ ಪವರ್ ಅಂಕಿಯನ್ನು ಓದುವುದು ಹೇಗೆ?

ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಎಂಜಿನ್ 349 ಸಿಸಿ. ಟಿವಿಎಸ್ ಅಪಾಚೆ ಆರ್‌ಆರ್ 310ರ ಎಂಜಿನ್ 312 ಸಿಸಿ. ದೊಡ್ಡ ಎಂಜಿನ್‌ನಿಂದ ಸಿಗುವ ಪವರ್ ಸುಮಾರು 20 ಪಿಎಸ್ (ಪಿಎಸ್ ಎಂದರೆ ಪವರ್ ಅಳೆಯುವ ಮಾಪಕ, ಹೆಚ್ಚುಕಡಿಮೆ ಒಂದು ಅಶ್ವಶಕ್ತಿ). ಚಿಕ್ಕದರಿಂದ ಈಗಿನ ಮಾದರಿಯಲ್ಲಿ 38 ಪಿಎಸ್, ಅಂದರೆ ಹತ್ತಿರ ಹತ್ತಿರ ಎರಡು ಪಟ್ಟು. ಟಾರ್ಕ್ ನೋಡಿದರೆ ಇನ್ನೂ ಆಶ್ಚರ್ಯ. ಕ್ಲಾಸಿಕ್‌ನದ್ದು 27 ನ್ಯೂಟನ್ ಮೀಟರ್, ಅಪಾಚೆಯದ್ದು 29. ಎರಡೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ಆ ಹೆಚ್ಚಿನ 18 ಪಿಎಸ್ ಎಲ್ಲಿಂದ ಬಂತು?

ಎರಡರಿಂದ ಮೂರೂವರೆ ಲಕ್ಷದೊಳಗೆ ಜೋರಾಗಿ ಓಡುವ ಬೈಕು ಬೇಕು ಎನ್ನುವವರು ಮೊದಲು ಈ ಪ್ರಶ್ನೆಗೆ ಉತ್ತರ ತಿಳಿದುಕೊಳ್ಳಬೇಕು. ಆಮೇಲೆ ಬ್ರೋಷರ್ ಓದುವ ರೀತಿಯೇ ಬದಲಾಗುತ್ತದೆ.

ಟಾರ್ಕ್ ಎಂದರೆ ಎಂಜಿನ್ ತನ್ನ ಶಾಫ್ಟನ್ನು ತಿರುಗಿಸುವ ಬಲ. ಪವರ್ ಎಂದರೆ ಆ ಬಲದಿಂದ ಒಂದು ಸೆಕೆಂಡಿನಲ್ಲಿ ಎಷ್ಟು ಕೆಲಸ ಆಯಿತು ಎಂಬ ಲೆಕ್ಕ. ಅದೇ ಬಲವನ್ನು ಎರಡು ಪಟ್ಟು ವೇಗವಾಗಿ ತಿರುಗುತ್ತಾ ಕೊಟ್ಟರೆ ಪವರ್ ಕೂಡ ಎರಡು ಪಟ್ಟು. ಕ್ಲಾಸಿಕ್ ತನ್ನ ಗರಿಷ್ಠ ಪವರ್ ಕೊಡುವುದು 6,100 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 6,100 ಸುತ್ತು ತಿರುಗುವಾಗ. ಅಪಾಚೆ ಕೊಡುವುದು 9,800ರಲ್ಲಿ. ಚಿಕ್ಕ ಎಂಜಿನ್ ಹೆಚ್ಚು ಸುತ್ತು ತಿರುಗುತ್ತದೆ, ಅಷ್ಟು ಮೇಲೆ ಹೋದರೂ ಅದರ ಟಾರ್ಕ್ ಹೆಚ್ಚು ಕುಸಿಯುವುದಿಲ್ಲ. ಗುಟ್ಟು ಇಷ್ಟೇ.

ಕ್ಲಾಸಿಕ್ಕನ್ನೂ 9,800ಕ್ಕೆ ತಿರುಗಿಸಬಾರದೇ? ಪಿಸ್ಟನ್ ಬಿಡುವುದಿಲ್ಲ. ಕ್ಲಾಸಿಕ್‌ನ ಪಿಸ್ಟನ್ 72 ಮಿಲಿಮೀಟರ್ ಅಗಲ, ಅದು ಮೇಲೆ ಕೆಳಗೆ ಓಡಾಡುವ ದೂರ 85.8 ಮಿಲಿಮೀಟರ್. ಅಪಾಚೆಯದ್ದು ಉಲ್ಟಾ: 80 ಮಿಲಿಮೀಟರ್ ಅಗಲ, ಓಡಾಟ ಬರೀ 62.1. ಈಗ ಪಿಸ್ಟನ್‌ನ ಸರಾಸರಿ ವೇಗ ಲೆಕ್ಕ ಹಾಕಿ. ಕ್ಲಾಸಿಕ್‌ನಲ್ಲಿ 6,100 ಆರ್‌ಪಿಎಂಗೆ ಸೆಕೆಂಡಿಗೆ ಸುಮಾರು 17 ಮೀಟರ್. ಅಪಾಚೆಯಲ್ಲಿ 9,800ಕ್ಕೆ ಸುಮಾರು 20 ಮೀಟರ್. ಕ್ಲಾಸಿಕ್ಕನ್ನು ಬಲವಂತವಾಗಿ 9,800ಕ್ಕೆ ಎಳೆದರೆ 28 ಮೀಟರ್ ಆಗುತ್ತದೆ. ಪಿಸ್ಟನ್ ಪ್ರತಿ ಸುತ್ತಿಗೂ ಎರಡು ಸಲ ಪೂರ್ತಿ ನಿಂತು ಹಿಂದೆ ತಿರುಗಬೇಕು. ಸುತ್ತು ಎರಡು ಪಟ್ಟಾದರೆ ಪಿಸ್ಟನ್ನನ್ನೂ ಕನೆಕ್ಟಿಂಗ್ ರಾಡನ್ನೂ ಎಳೆದಾಡುವ ಬಲ ನಾಲ್ಕು ಪಟ್ಟಾಗುತ್ತದೆ. ಉದ್ದ ಓಟದ ಪಿಸ್ಟನ್ ಅದನ್ನು ತಡೆದುಕೊಳ್ಳುವುದಿಲ್ಲ.

ಇದರಲ್ಲಿ ಒಂದು ಎಂಜಿನ್ ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎಂಬ ಮಾತಿಲ್ಲ. ಕ್ಲಾಸಿಕ್‌ನ 27 ನ್ಯೂಟನ್ ಮೀಟರ್ ಸಿಗುವುದು 4,000 ಆರ್‌ಪಿಎಂಗೆ. ಅಪಾಚೆಯ 29 ಸಿಗುವುದು 7,900ಕ್ಕೆ. ಶಿರಾಡಿ ಘಾಟಿಯಲ್ಲಿ ಟ್ಯಾಂಕರ್ ಹಿಂದೆ 40 ಕಿಲೋಮೀಟರ್ ವೇಗದಲ್ಲಿ ಹತ್ತುತ್ತಿದ್ದೀರಿ, ಎದುರು ರಸ್ತೆ ಖಾಲಿ ಕಂಡಿತು ಅಂದುಕೊಳ್ಳಿ. ಕ್ಲಾಸಿಕ್‌ನಲ್ಲಿ ಸುಮ್ನೆ ಎಕ್ಸಿಲರೇಟರ್ ತಿರುವಿದರೆ ಅದರ ಕೈಲಿ ಇರುವ ಬಲ ತಕ್ಷಣ ಸಿಗುತ್ತದೆ, ಆದರೆ ಬೇಗ ಮುಗಿಯುತ್ತದೆ. ಅಪಾಚೆಯಲ್ಲಿ ಎರಡು ಗೇರ್ ಇಳಿಸಬೇಕು. ಇಳಿಸಿದರೆ ಅದು ಕ್ಲಾಸಿಕ್ಕನ್ನು ಹಿಂದೆ ಬಿಟ್ಟು ಹಾರುತ್ತದೆ. ಇಳಿಸದಿದ್ದರೆ ನೀವು ದುಡ್ಡು ಕೊಟ್ಟ 38 ಪಿಎಸ್ ನಿಮಗೆ ಸಿಗುವುದೇ ಇಲ್ಲ.

ಈ ಬೆಲೆಯ ಬೈಕುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಇನ್ನೊಂದು ವಿಚಿತ್ರ ಕಾಣುತ್ತದೆ. ಕೆಟಿಎಂ 390 ಡ್ಯೂಕ್ 46 ಪಿಎಸ್. ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಸುಮಾರು 47. ಸ್ವಲ್ಪ ಮೇಲಿನ ಬೆಲೆಯ ಅಪ್ರಿಲಿಯಾ ಆರ್‌ಎಸ್ 457 ಕೂಡ 47.6. ಒಂದು 399 ಸಿಸಿ, ಒಂದು 648, ಒಂದು 457. ಎಲ್ಲವೂ ಒಂದೇ ಗೆರೆಯ ಹತ್ತಿರ ಬಂದು ನಿಂತಿವೆ. ಆ ಗೆರೆ ಇರುವುದು ಯುರೋಪಿನ ಕಾನೂನಿನಲ್ಲಿ. ಅಲ್ಲಿ 2013ರಿಂದ ಎ2 ಎಂಬ ಮಧ್ಯಮ ದರ್ಜೆಯ ಲೈಸೆನ್ಸ್‌ಗೆ 35 ಕಿಲೋವ್ಯಾಟ್, ಅಂದರೆ 47.6 ಪಿಎಸ್ ಮಿತಿ ಇದೆ. ಪುಣೆ ಬಳಿಯ ಚಾಕಣ್‌ನಲ್ಲೋ ಚೆನ್ನೈ ಬಳಿಯೋ ಬಾರಾಮತಿಯಲ್ಲೋ ತಯಾರಾಗುವ ಈ ಬೈಕುಗಳು ಯುರೋಪಿನ ಹೊಸ ಸವಾರರಿಗೂ ಮಾರಾಟವಾಗಬೇಕು. ನಮ್ಮಲ್ಲಿ ಇಂಥ ಹಂತಗಳೇ ಇಲ್ಲ. 18 ತುಂಬಿದ ಹುಡುಗ ಗೇರ್ ಬೈಕಿನ ಲೈಸೆನ್ಸ್ ಪಡೆದ ಮಾರನೇ ದಿನವೇ 200 ಪಿಎಸ್ ಬೈಕನ್ನೂ ಓಡಿಸಬಹುದು. ಇದು ಬದಲಾಗಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಪವರ್ ಒಂದೇ ಆದಾಗ ಆಟ ನಡೆಯುವುದು ತೂಕದ ಮೇಲೆ. ಡ್ಯೂಕ್ ಸುಮಾರು 168 ಕೆಜಿ. ಇಂಟರ್‌ಸೆಪ್ಟರ್ ಅದಕ್ಕಿಂತ ಹತ್ತಿರ ಹತ್ತಿರ 50 ಕೆಜಿ ಜಾಸ್ತಿ. 70 ಕೆಜಿಯ ಸವಾರ ಕೂತರೆ ಒಂದು 240ರ ಆಸುಪಾಸು, ಇನ್ನೊಂದು 290. ಒಂದೇ ವೇಗದಲ್ಲಿ, ಒಂದೇ ಪವರ್ ಚಕ್ರಕ್ಕೆ ತಲುಪಿದರೆ, ಹಗುರ ಬೈಕಿನ ವೇಗ ಐದನೇ ಒಂದು ಪಾಲು ಹೆಚ್ಚು ಚುರುಕಾಗಿ ಏರುತ್ತದೆ. ತೂಕದ ಲಾಭ ಇಲ್ಲಿಗೇ ನಿಲ್ಲುವುದಿಲ್ಲ. ತಿರುವಿನಲ್ಲಿ ಬೈಕನ್ನು ವಾಲಿಸುವಾಗ, ಬ್ರೇಕ್ ಹಿಡಿಯುವಾಗ, ಮನೆ ಗೇಟಿನೊಳಗೆ ಹಿಂದಕ್ಕೆ ತಳ್ಳುವಾಗ ಕೂಡ ಆ 50 ಕೆಜಿ ನಿಮ್ಮ ಕೈಗೆ ಗೊತ್ತಾಗುತ್ತದೆ.

ಇಂಟರ್‌ಸೆಪ್ಟರ್ ಪರವಾಗಿ ಹೇಳಬೇಕಾದ್ದೂ ಇದೆ. ಅದರ ಗರಿಷ್ಠ ಟಾರ್ಕ್ 52 ನ್ಯೂಟನ್ ಮೀಟರ್. ಅದರಲ್ಲಿ ನೂರಕ್ಕೆ 80ರಷ್ಟು 2,500 ಆರ್‌ಪಿಎಂಗೇ ಸಿಗುತ್ತದೆ ಎನ್ನುತ್ತದೆ ಕಂಪನಿ. ತುಮಕೂರಿನಿಂದ ಚಿತ್ರದುರ್ಗದ ಕಡೆಗೆ ಇಬ್ಬರು ಕೂತು, ಬ್ಯಾಗ್ ಕಟ್ಟಿಕೊಂಡು, ಗೇರ್ ಮುಟ್ಟದೆ ಗಂಟೆಗಟ್ಟಲೆ ಹೋಗುವವರಿಗೆ ಇದು ಬಂಗಾರ. ಎರಡು ಸಿಲಿಂಡರ್ ಇರುವುದರಿಂದ ಕಂಪನವೂ ಕಡಿಮೆ. ಆದರೆ ವಾರಪೂರ್ತಿ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಓಡಾಡಿ, ಶನಿವಾರ ಮಲೆನಾಡಿಗೆ ಹೊರಡುವವರಾದರೆ ನಾನು 40 ಪಿಎಸ್ ಆಚೀಚೆ ಪವರ್, 170ರಿಂದ 180 ಕೆಜಿ ತೂಕದ ಒಂದು ಸಿಲಿಂಡರ್ ಬೈಕನ್ನೇ ಆರಿಸುತ್ತೇನೆ. ಟ್ರಯಂಫ್ ಸ್ಪೀಡ್ 400 ಆ ಜಾತಿಯದು. ಅದರ 37.5 ನ್ಯೂಟನ್ ಮೀಟರ್ 6,500ಕ್ಕೇ ಬಂದುಬಿಡುತ್ತದೆ. ಗರಿಷ್ಠ ಪವರ್‌ನಲ್ಲಿ ಡ್ಯೂಕ್‌ಗಿಂತ 6 ಪಿಎಸ್ ಹಿಂದೆ. ನಮ್ಮ ರಸ್ತೆಯಲ್ಲಿ ಆ ಆರನ್ನು ಹುಡುಕಬೇಕಾದ ಸಂದರ್ಭ ಅಪರೂಪ.

ಅಪರೂಪ ಏಕೆ ಎನ್ನುವುದಕ್ಕೆ ಗಾಳಿಯ ಲೆಕ್ಕ ನೋಡಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನು ಸೀಳಲು ಬೇಕಾದ ಪವರ್ ಎಂಟು ಪಟ್ಟು. ಮುಂದೆ ಗಾಜಿಲ್ಲದ ಬೈಕಿನಲ್ಲಿ ನೆಟ್ಟಗೆ ಕೂತ ಸವಾರನಿಗೆ 60 ಕಿಲೋಮೀಟರ್ ವೇಗದಲ್ಲಿ ಗಾಳಿಗಾಗಿ ಖರ್ಚಾಗುವುದು ಸುಮಾರು 2 ಪಿಎಸ್. 100ರಲ್ಲಿ ಹತ್ತಿರ 10. 120ರಲ್ಲಿ 16 ಅಥವಾ 17. 150ರಲ್ಲಿ 32 ದಾಟುತ್ತದೆ. ಅಂದರೆ 100ರಲ್ಲಿ ಆರಾಮಾಗಿ ಸಾಗಲು 20 ಪಿಎಸ್ ಬೈಕೇ ಸಾಕು. 40 ಪಿಎಸ್ ಬೈಕಿನಲ್ಲಿ ಆ ವೇಗದಲ್ಲೂ ಓವರ್‌ಟೇಕ್‌ಗೆ ಧಾರಾಳವಾಗಿ ಉಳಿದಿರುತ್ತದೆ. ಅದರಾಚೆ ಕೊಡುವ ಪ್ರತಿ ಸಾವಿರ ರೂಪಾಯಿ ಹೋಗುವುದು 130ರ ಮೇಲಿನ ಗಾಳಿಯನ್ನು ನೂಕಲು. ಮುಂಭಾಗ ಮುಚ್ಚಿದ, ಬಗ್ಗಿ ಕೂರುವ ಬೈಕು ಇಲ್ಲಿ ಸ್ವಲ್ಪ ಉಳಿಸುತ್ತದೆ, ಬೆನ್ನುನೋವಿನ ಬೆಲೆಗೆ.

ಇದಕ್ಕೆ ನಮ್ಮ ರಾಜ್ಯದ್ದೇ ಒಂದು ಕೌತುಕ ಸೇರಿಸುತ್ತೇನೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಮಂಗಳೂರಿನದ್ದಕ್ಕಿಂತ ಹೆಚ್ಚುಕಡಿಮೆ ನೂರಕ್ಕೆ ಎಂಟರಷ್ಟು ತೆಳು. ಎಂಜಿನ್‌ಗೆ ಅಷ್ಟು ಆಮ್ಲಜನಕ ಕಡಿಮೆ, ಪವರ್ ಕೂಡ ಹತ್ತಿರ ಹತ್ತಿರ ಅಷ್ಟೇ ಕಡಿಮೆ. 40 ಪಿಎಸ್ ಬೈಕು ಬೆಂಗಳೂರಿನಲ್ಲಿ ನಿಜಕ್ಕೂ 37ರ ಬೈಕು! ತಡೆಯುವ ಗಾಳಿಯೂ ಅಷ್ಟೇ ತೆಳುವಾಗಿರುವುದರಿಂದ ಟಾಪ್ ಸ್ಪೀಡ್‌ನಲ್ಲಿ ವ್ಯತ್ಯಾಸ ಅಷ್ಟಾಗಿ ಕಾಣದು. ಪಿಕಪ್‌ನಲ್ಲಿ ಕಾಣುತ್ತದೆ.

ಈಗ ನಿಲ್ಲಿಸುವ ವಿಷಯ. ಬೈಕು ಆರಿಸುವಾಗ ಜನ ಇದಕ್ಕೆ ಕೊಡುವ ಗಮನ ತೀರಾ ಕಡಿಮೆ ಎಂಬುದು ನನ್ನ ದೊಡ್ಡ ಬೇಸರ. 1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ಯಮಹಾ ಜೊತೆ ಸೇರಿ ರಾಜ್‌ದೂತ್ 350 ತಂದಿತು. 347 ಸಿಸಿ, ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್. ಪವರ್ 30ರ ಆಸುಪಾಸು, ಆ ಕಾಲದ ನಮ್ಮ ರಸ್ತೆಗಳಿಗೆ ಸಿಡಿಲಿನಂಥದ್ದು. ಆದರೆ ಎರಡೂ ಚಕ್ರಕ್ಕೆ ಡ್ರಮ್ ಬ್ರೇಕ್. ಅದರ ಮೂಲ ಯಮಹಾ ಆರ್‌ಡಿ 350. ಆ ಆರ್‌ಡಿ ಅಕ್ಷರಗಳಿಗೆ ಜನ 'ರ‍್ಯಾಪಿಡ್ ಡೆತ್' ಎಂಬ ಅರ್ಥ ಕಟ್ಟಿಬಿಟ್ಟರು.

ಓಡುವ ಬೈಕಿನಲ್ಲಿರುವ ಚಲನ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ. ಅಷ್ಟೂ ಶಕ್ತಿಯನ್ನು ಬ್ರೇಕು ಶಾಖವಾಗಿ ಬದಲಿಸಬೇಕು. ಒಣ ರಸ್ತೆ, ಒಳ್ಳೆಯ ಟೈರ್, ಪಳಗಿದ ಕೈ ಇದ್ದರೆ 60ರಿಂದ ನಿಲ್ಲಲು ಸುಮಾರು 18 ಮೀಟರ್ ಬೇಕು. 100ರಿಂದ 49 ಮೀಟರ್. 120ರಿಂದ 71. ಇದು ಬ್ರೇಕ್ ಹಿಡಿದ ಮೇಲಿನ ದೂರ. ಅಪಾಯ ಕಂಡು ಕೈ ಆಡಿಸಲು ಒಂದು ಸೆಕೆಂಡ್ ಹಿಡಿದರೆ 120ರಲ್ಲಿ ಇನ್ನೂ 33 ಮೀಟರ್ ಸೇರುತ್ತದೆ. ಒಟ್ಟು ನೂರು ಮೀಟರ್ ದಾಟಿತು. ಹೆದ್ದಾರಿಯಲ್ಲಿ ದನ ಅಡ್ಡ ಬಂದರೆ ನಮಗೆ ಅಷ್ಟು ಜಾಗ ಎಲ್ಲಿ ಸಿಗುತ್ತದೆ?

ಜೋರಾಗಿ ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಒಟ್ಟು ಭಾರದ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಮುಂದಿನ ಟೈರಿನ ಮೇಲೆ ಕೂರುತ್ತದೆ, ಹಿಂದಿನ ಚಕ್ರ ನೆಲವನ್ನು ಸುಮ್ನೆ ಸವರುತ್ತಿರುತ್ತದೆ. ಮುಂದಿನ ಟೈರ್ ನೆಲವನ್ನು ಮುಟ್ಟುವ ಜಾಗ ನಿಮ್ಮ ಅಂಗೈಗಿಂತ ದೊಡ್ಡದಲ್ಲ. ಹಾಗಾಗಿ ಮುಂದಿನ ಡಿಸ್ಕ್, ಅದನ್ನು ಹಿಡಿದು ನಿಲ್ಲಿಸುವ ಕ್ಯಾಲಿಪರ್, ಫೋರ್ಕ್ (ಮುಂದಿನ ಸಸ್ಪೆನ್ಷನ್), ಟೈರ್ ನಾಲ್ಕೂ ಒಳ್ಳೆಯವಿರಬೇಕು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಮೇಲಿನ ಎಲ್ಲ ಹೊಸ ಬೈಕಿಗೂ ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ, ಕಡ್ಡಾಯವಾಯಿತು, ಒಳ್ಳೆಯ ಕೆಲಸ. ಆದರೆ ಮುಂದಿನ ಚಕ್ರಕ್ಕೆ ಮಾತ್ರ ಇರುವ ಎಬಿಎಸ್ ಕೂಡ ಆ ನಿಯಮಕ್ಕೆ ಸಾಕಿತ್ತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎರಡೂ ಚಕ್ರಕ್ಕೆ ಇದೆಯೇ ಎಂದು ಕೇಳಲೇಬೇಕು.

ತಿರುವಿನಲ್ಲಿ ಭೌತಶಾಸ್ತ್ರ ಇನ್ನೂ ಖಡಕ್ಕು. ಬೈಕು 30 ಡಿಗ್ರಿ ವಾಲಿದಾಗ ತಿರುಗುವುದಕ್ಕಾಗಿಯೇ ಟೈರು ಒಟ್ಟು ತೂಕದ ಅರ್ಧಕ್ಕಿಂತ ಹೆಚ್ಚು ಬಲವನ್ನು ಪಕ್ಕಕ್ಕೆ ಕೊಡುತ್ತಿರುತ್ತದೆ. ಬ್ರೇಕಿಗೆ ಸಿಗುವುದು ಉಳಿದ ಹಿಡಿತ ಮಾತ್ರ. ಬೈಕು ಎಷ್ಟು ವಾಲಿದೆ ಎಂದು ಅಳೆದು ಎಬಿಎಸ್ಸನ್ನು ಹೊಂದಿಸುವ ಸೆನ್ಸರ್‌ಗಳು ಈಗ ಡ್ಯೂಕ್‌ನಂಥ ಬೈಕಿನಲ್ಲೂ ಬಂದಿವೆ. ಅದಕ್ಕೆ ಹೆಚ್ಚು ದುಡ್ಡು ಕೊಡುವುದು ದಂಡವಲ್ಲ. ಆಗುಂಬೆಯ ಹೇರ್‌ಪಿನ್‌ನಂಥ ಬಿಗಿ ತಿರುವನ್ನೇ ತೆಗೆದುಕೊಳ್ಳಿ. ತಿರುವಿನ ತ್ರಿಜ್ಯ 15 ಮೀಟರ್ ಇದ್ದು, ನೀವು 30 ಡಿಗ್ರಿ ವಾಲಿದರೆ ಬೈಕಿನ ವೇಗ ಗಂಟೆಗೆ ಬರೀ 33 ಕಿಲೋಮೀಟರ್. 20 ಪಿಎಸ್ ಆದರೂ ಅಷ್ಟೇ, 200 ಪಿಎಸ್ ಆದರೂ ಅಷ್ಟೇ. ಅಲ್ಲಿ ಟೈರು ಮತ್ತು ಸಸ್ಪೆನ್ಷನ್ ಮಾತ್ರ ಮಾತಾಡುತ್ತವೆ. ಜುಲೈ ಮಳೆಯಲ್ಲಿ ರಸ್ತೆ ನೆಂದು ಪಾಚಿ ಹಿಡಿದಾಗ ಆ 33 ಕೂಡ ಜಾಸ್ತಿ.

ದುಡ್ಡಿನ ಲೆಕ್ಕ ಬೇಗ ಮುಗಿಸುತ್ತೇನೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ನೂರಕ್ಕೆ 18, ಅದಕ್ಕಿಂತ ಮೇಲಿನದಕ್ಕೆ 40. ಮೊದಲು ನೋಡಿದ 312 ಸಿಸಿಯ 38 ಪಿಎಸ್ ಎಂಜಿನ್ ಕಡಿಮೆ ತೆರಿಗೆಯ ಕಡೆಗಿದೆ, ಟ್ರಯಂಫ್ ಸ್ಪೀಡ್ 400ರ 398 ಸಿಸಿಯ 40 ಪಿಎಸ್ ಎಂಜಿನ್ ಹೆಚ್ಚಿನ ಕಡೆಗಿದೆ. ಸಿಸಿ ನೋಡಿ ಗೆರೆ ಎಳೆದರೆ ಹೀಗೇ ಆಗುವುದು. ಅದರ ಮೇಲೆ ಕರ್ನಾಟಕದ ರಸ್ತೆ ತೆರಿಗೆ, ಲಕ್ಷ ದಾಟಿದ ಬೈಕಿಗೆ ನೂರಕ್ಕೆ 18. ವಿಮೆಯೂ ಸೇರಿ ಎಕ್ಸ್‌ಶೋರೂಮ್ ಎರಡೂವರೆ ಲಕ್ಷದ ಬೈಕು ಆನ್‌ರೋಡ್ ಮೂರು ಲಕ್ಷ ದಾಟುತ್ತದೆ. ಹೆಚ್ಚು ಹಿಡಿತದ ಮೆದು ಟೈರುಗಳು ಬೇಗ ಸವೆಯುತ್ತವೆ, ಅವು ಅಗ್ಗವೂ ಅಲ್ಲ. ಹೆಲ್ಮೆಟ್, ಜಾಕೆಟ್, ಗ್ಲೌಸ್, ಬೂಟಿಗೆ ಮೊದಲೇ ಮೂವತ್ತು ಸಾವಿರ ತೆಗೆದಿಡಿ. ಅದನ್ನು ಕಳೆದು ಉಳಿದದ್ದೇ ನಿಮ್ಮ ಬೈಕಿನ ಬಜೆಟ್.

ಟೆಸ್ಟ್ ರೈಡ್‌ಗೆ ಹೋದಾಗ ಶೋರೂಮಿನವರು ಖಾಲಿ ರಸ್ತೆಗೆ ಕರೆದೊಯ್ದು ಜೋರಾಗಿ ರೈಸ್ ಮಾಡಿ ಎನ್ನುತ್ತಾರೆ. ಅದರಿಂದ ಮಜಾ ಸಿಗುತ್ತದೆ, ಮಾಹಿತಿ ಸಿಗುವುದು ಕಡಿಮೆ. ನಾಲ್ಕನೇ ಗೇರಿನಲ್ಲಿ 3,500 ಆರ್‌ಪಿಎಂನಿಂದ ಎಕ್ಸಿಲರೇಟರ್ ತಿರುವಿ, ಬೈಕು ಕೆಮ್ಮದೆ ಎಳೆಯುತ್ತದೆಯೇ ನೋಡಿ. ಹಂಪ್ ಇರುವ, ಗುಂಡಿ ಬಿದ್ದ ರಸ್ತೆಯಲ್ಲಿ ಓಡಿಸಿ. ಎರಡು ಬೆರಳಲ್ಲಿ ಮುಂದಿನ ಬ್ರೇಕ್ ಒತ್ತಿ, ಒತ್ತಡ ಹೆಚ್ಚಿದಂತೆ ಹಿಡಿತವೂ ಸಮನಾಗಿ ಹೆಚ್ಚುತ್ತದೆಯೇ ಗಮನಿಸಿ. ಟ್ರಾಫಿಕ್ಕಿನಲ್ಲಿ ಹತ್ತು ನಿಮಿಷ ನಿಂತು ರೇಡಿಯೇಟರ್ ಫ್ಯಾನ್ ಶುರುವಾಗಲು ಬಿಡಿ. ಪೆಟ್ರೋಲಿನ ಶಕ್ತಿಯಲ್ಲಿ ಬಹುಪಾಲು ಶಾಖವಾಗಿಯೇ ಹೊರಬರುತ್ತದೆ, ಅದರ ಒಂದು ಭಾಗ ನಿಮ್ಮ ಮೊಣಕಾಲಿಗೇ ಬೀಸುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಮೇ ತಿಂಗಳ ಮಧ್ಯಾಹ್ನ ಅದನ್ನು ತಡೆದುಕೊಳ್ಳಬಹುದೇ ಎಂದು ಆ ಹತ್ತು ನಿಮಿಷದಲ್ಲೇ ಗೊತ್ತಾಗುತ್ತದೆ. ಹಿಂದೆ ಕೂರುವವರು ಯಾರಾದರೂ ಇದ್ದರೆ ಅವರನ್ನೂ ಕರೆದೊಯ್ಯಿರಿ. ಇಬ್ಬರು ಕೂತಾಗ ಹಿಂದಿನ ಶಾಕ್ ಅಬ್ಸಾರ್ಬರ್ ಎಷ್ಟು ಇಳಿಯುತ್ತದೆ, ಅದನ್ನು ಬಿಗಿ ಮಾಡಲು ಬರುತ್ತದೆಯೇ ಎಂದು ಅಲ್ಲೇ ಕೇಳಿ ತಿಳಿದುಕೊಳ್ಳಿ.